ಪಿರಮಿಡ್‌ಗಳಿಗೂ ಮುಂಚಿನ ಈಜಿಪ್ಟನ್ನು ತೋರಿಸುವ ಪ್ರವಾಸ: ಒಂದು ವಿಮರ್ಶೆ

ಗೀಜಾದ ಪಿರಮಿಡ್, ಲಕ್ಸರ್‌ನ ದೇವಾಲಯಗಳು, ಟುಟಾಂಖಾಮನ್‌ನ ಚಿನ್ನದ ಮುಖವಾಡ ಇವುಗಳನ್ನು ತೋರಿಸುವ ಪ್ರವಾಸಗಳಿಗೆ ಈಜಿಪ್ಟಿನಲ್ಲಿ ಲೆಕ್ಕವಿಲ್ಲ. ನಾನು ಇಲ್ಲಿ ಬರೆಯುತ್ತಿರುವುದು ಆ ಸಾಲಿಗೆ ಸೇರದ ಒಂದು ಅಧ್ಯಯನ ಪ್ರವಾಸದ ಬಗ್ಗೆ. ಸಹಾರಾ ಇನ್ನೂ ಹುಲ್ಲುಗಾವಲಾಗಿದ್ದ ಕಾಲದಲ್ಲಿ ದನಗಳನ್ನು ಅಟ್ಟಿಕೊಂಡು ಮಳೆಯ ಹಿಂದೆ ಅಲೆಯುತ್ತಿದ್ದ ಜನರಿಂದ ಹಿಡಿದು, ನೈಲ್ ಕಣಿವೆಯನ್ನು ಒಂದೇ ಅಧಿಕಾರದಡಿ ತಂದ ನಾರ್ಮರ್ ಅರಸನವರೆಗಿನ ಅವಧಿಯನ್ನು ಮಾತ್ರ ಇದು ವಿಷಯವಾಗಿ ಇಟ್ಟುಕೊಂಡಿದೆ. ಸಣ್ಣ ಗುಂಪು, ಪುರಾತತ್ವ ಓದಿದ ಮಾರ್ಗದರ್ಶಿ, ಜೊತೆಗೆ ಒಂದು ಕಿರುಹೊತ್ತಿಗೆ. ಪ್ರವಾಸಿ ಸಂಸ್ಥೆಗಳು ಸಾಮಾನ್ಯವಾಗಿ ಅರ್ಧ ಗಂಟೆಯ ಮುನ್ನುಡಿಯಲ್ಲಿ ಮುಗಿಸಿಬಿಡುವ ಭಾಗವನ್ನೇ ಇಡೀ ಪ್ರವಾಸದ ವಸ್ತುವನ್ನಾಗಿ ಮಾಡಿಕೊಂಡಿರುವುದು ಧೈರ್ಯದ ನಿರ್ಧಾರ, ಮತ್ತು ನನ್ನ ಮಟ್ಟಿಗೆ ಅದು ಬಹುಪಾಲು ಫಲಿಸಿದೆ.

ಈ ಪ್ರವಾಸದ ಅತ್ಯುತ್ತಮ ಗುಣ ಅದರ ದಾರಿಯಲ್ಲಿದೆ. ಕೈರೋದಲ್ಲಿ ಇಳಿದು ದಕ್ಷಿಣಕ್ಕೆ ಸಾಗುವ ರೂಢಿಯನ್ನು ಬಿಟ್ಟು ಇದು ಅಸ್ವಾನ್‌ನಿಂದ ಆರಂಭವಾಗಿ, ನದಿ ಹರಿಯುವ ದಿಕ್ಕಿನಲ್ಲೇ ಉತ್ತರಕ್ಕೆ ಬಂದು, ಕೈರೋದಲ್ಲಿ ಮುಗಿಯುತ್ತದೆ. ಇದರಿಂದ ನೋಡುವ ವಸ್ತುಗಳೂ ಅವುಗಳ ಕಾಲಕ್ರಮವೂ ಹೆಚ್ಚುಕಡಿಮೆ ಒಟ್ಟಿಗೆ ಸಾಗುತ್ತವೆ. ಈಜಿಪ್ಟಿನ ನಾಗರಿಕತೆಯನ್ನು ನದಿಯ ಕೊಡುಗೆ ಎಂದಷ್ಟೇ ಕೇಳಿ ಬೆಳೆದವರಿಗೆ, ಆ ನದಿಯ ದಡಕ್ಕೆ ಜನ ಬಂದದ್ದು ಎಲ್ಲಿಂದ ಎಂಬ ಪ್ರಶ್ನೆ ಮೊದಲ ದಿನವೇ ಎದುರಾಗುತ್ತದೆ.

ಅಸ್ವಾನ್‌ನ ನ್ಯೂಬಿಯಾ ವಸ್ತುಸಂಗ್ರಹಾಲಯ 1997ರಲ್ಲಿ ತೆರೆದದ್ದು. ಮಹಮೂದ್ ಎಲ್-ಹಕೀಂ ವಿನ್ಯಾಸಗೊಳಿಸಿದ ಈ ಕಟ್ಟಡಕ್ಕೆ 2001ರಲ್ಲಿ ಆಗಾ ಖಾನ್ ವಾಸ್ತುಶಿಲ್ಪ ಪ್ರಶಸ್ತಿ ಬಂದಿದೆ. ಅಸ್ವಾನ್‌ನ ಎತ್ತರದ ಅಣೆಕಟ್ಟೆಯಿಂದ ನ್ಯೂಬಿಯಾದ ಬಹುಭಾಗ ನಾಸರ್ ಸರೋವರದಲ್ಲಿ ಮುಳುಗಲಿದೆ ಎಂದಾಗ ಯುನೆಸ್ಕೊ 1960ರಲ್ಲಿ ಆರಂಭಿಸಿದ ರಕ್ಷಣಾ ಕಾರ್ಯದ ನೆನಪು ಈ ಸಂಗ್ರಹಾಲಯದ ಹುಟ್ಟಿನೊಂದಿಗೇ ಬೆಸೆದುಕೊಂಡಿದೆ. ಹೆಚ್ಚಿನ ಗುಂಪುಗಳು ಒಳಗಿನ ದೊಡ್ಡ ಪ್ರತಿಮೆಗಳ ಮುಂದೆ ನಿಂತು ಹೊರಟುಹೋಗುತ್ತವೆ. ಈ ಪ್ರವಾಸದಲ್ಲಿ ಮಾತ್ರ ಮಾರ್ಗದರ್ಶಿ ಮೊದಲು ಹೊರಗಿನ ಬಯಲಿಗೆ ಕರೆದೊಯ್ದರು. ನಬ್ತಾ ಪ್ಲಾಯಾದಿಂದ ತಂದ ಕಲ್ಲುಗಳಿರುವುದು ಅಲ್ಲಿ.

ನಬ್ತಾ ಪ್ಲಾಯಾ ಅಬು ಸಿಂಬೆಲ್‌ನಿಂದ ಪಶ್ಚಿಮಕ್ಕೆ ಸುಮಾರು 100 ಕಿಲೋಮೀಟರ್ ದೂರದಲ್ಲಿರುವ, ಇಂದು ಹನಿ ನೀರೂ ಇಲ್ಲದ ಒಂದು ತಗ್ಗು ಪ್ರದೇಶ. ಅಮೆರಿಕದ ಪುರಾತತ್ವಜ್ಞ ಫ್ರೆಡ್ ವೆಂಡಾರ್ಫ್ ಅವರ ತಂಡ 1974ರಲ್ಲಿ ಆ ದಾರಿಯಲ್ಲಿ ಹೋಗುವಾಗ ಅಲ್ಲಿ ಹರಡಿಬಿದ್ದಿದ್ದ ಮಡಕೆ ಚೂರುಗಳನ್ನೂ ಕಲ್ಲಿನ ಉಪಕರಣಗಳನ್ನೂ ಗಮನಿಸಿತು. ಕ್ರಿ.ಪೂ. 8500ರ ಸುಮಾರಿಗೆ ಮುಂಗಾರಿನ ಪಟ್ಟಿ ನೂರಾರು ಕಿಲೋಮೀಟರ್ ಉತ್ತರಕ್ಕೆ ಸರಿದು ಪೂರ್ವ ಸಹಾರಾ ಹಸಿರಾಯಿತು. ಬೇಸಿಗೆಯ ಮಳೆಗೆ ಆ ತಗ್ಗಿನಲ್ಲಿ ಕೆರೆ ತುಂಬುತ್ತಿತ್ತು, ನೀರಿರುವಷ್ಟು ಕಾಲ ದನಗಾಹಿಗಳು ಬಂದು ಬಿಡಾರ ಹೂಡುತ್ತಿದ್ದರು, ಕೆರೆ ಒಣಗಿದಾಗ ಮುಂದಕ್ಕೆ ಸಾಗುತ್ತಿದ್ದರು. ಕಾಲ ಕಳೆದಂತೆ ಅಲ್ಲಿ ಆಳವಾದ ಬಾವಿಗಳು, ಸಾಲಾಗಿ ಕಟ್ಟಿದ ಗುಡಿಸಲುಗಳು, ಧಾನ್ಯ ಕೂಡಿಡುವ ಗುಂಡಿಗಳು ಕಾಣಿಸಿಕೊಂಡವು. ಸುಮಾರು 8,000 ವರ್ಷ ಹಳೆಯ ಕಾಡು ಜೋಳದ ಕಾಳುಗಳು ಸಿಕ್ಕಿರುವುದೂ ಅಲ್ಲೇ. ಅಲೆಮಾರಿಗಳೆಂದರೆ ಗೊತ್ತುಗುರಿಯಿಲ್ಲದೆ ತಿರುಗುವವರು ಎಂಬ ತಪ್ಪು ಕಲ್ಪನೆಯನ್ನು ಮಾರ್ಗದರ್ಶಿ ಈ ವಿವರಗಳಿಂದಲೇ, ಒಂದು ಕಠಿಣ ಮಾತೂ ಇಲ್ಲದೆ, ಕಳಚಿಹಾಕಿದರು. ಇವರು ತಿರುಗುತ್ತಿದ್ದ ದಾರಿಗೆ ಲೆಕ್ಕಾಚಾರವಿತ್ತು, ಮರಳುವ ಜಾಗಕ್ಕೆ ಹೆಸರೂ ಮಹತ್ವವೂ ಇದ್ದಿರಲೇಬೇಕು.

ಕಲ್ಲುಗಳ ವೃತ್ತವನ್ನು ಕಂಡಾಗ ಮೊದಲಿಗೆ ನಿರಾಸೆಯಾಗುವುದು ಸಹಜ. ವ್ಯಾಸ ಸುಮಾರು ನಾಲ್ಕು ಮೀಟರ್, ಹೆಚ್ಚಿನ ಕಲ್ಲುಗಳು ಮೊಣಕಾಲಿನ ಎತ್ತರವನ್ನೂ ಮುಟ್ಟುವುದಿಲ್ಲ. ಸ್ವಲ್ಪ ಹೊತ್ತು ನಿಂತರೆ ಜೋಡಿ ಜೋಡಿಯಾಗಿ ನೆಟ್ಟ ಚಪ್ಪಟೆ ಕಲ್ಲುಗಳ ನಡುವಿನ ಕಿಂಡಿಗಳು ಗಮನಕ್ಕೆ ಬರುತ್ತವೆ. ಒಂದು ಜೊತೆ ಕಿಂಡಿಗಳು ಉತ್ತರ-ದಕ್ಷಿಣವಾಗಿಯೂ ಇನ್ನೊಂದು ಜೊತೆ ಬೇಸಿಗೆಯ ಅತಿ ದೀರ್ಘ ಹಗಲಿನ ಸೂರ್ಯೋದಯದ ದಿಕ್ಕಿಗೂ ಇದ್ದವು ಎಂಬುದು ಸಂಶೋಧಕರ ವಾದ. ಮಳೆಗಾಲ ಹತ್ತಿರವಾಗುವ ಹೊತ್ತೂ ಅದೇ ಆದ್ದರಿಂದ ದನ ಕಾಯುವವರಿಗೆ ಆ ದಿನ ಮುಖ್ಯವಾಗಿದ್ದಿರಬಹುದು ಎಂಬುದು ಒಪ್ಪುವಂಥ ಮಾತು. ಇದರ ಮುಂದೆ ಹೋಗಿ ಕಿರುಹೊತ್ತಿಗೆಯು ದೊಡ್ಡ ಕಲ್ಲುಗಳ ಸಾಲುಗಳು ಯಾವ ಯಾವ ನಕ್ಷತ್ರವನ್ನು ಗುರಿಯಾಗಿಸಿಕೊಂಡಿದ್ದವು ಎಂದು ಪಟ್ಟಿ ಕೊಡುತ್ತದೆ, ಅದನ್ನು ನಿಶ್ಚಿತ ಸತ್ಯವೆಂಬಂತೆ ಬರೆಯುತ್ತದೆ. ಇದು ನನಗೆ ಸರಿಕಾಣಲಿಲ್ಲ. ಸಾವಿರಾರು ವರ್ಷಗಳಲ್ಲಿ ಹಲವು ಕಲ್ಲುಗಳು ಉರುಳಿವೆ, ಒಡೆದಿವೆ, ಸ್ಥಾನ ತಪ್ಪಿವೆ. ಸಾಲುಗಳ ಕಾಲ ಕೆಲವು ನೂರು ವರ್ಷ ಹಿಂದುಮುಂದಾದರೆ ನಕ್ಷತ್ರದ ಉದಯಸ್ಥಾನವೂ ಬದಲಾಗುತ್ತದೆ. ನಕ್ಷತ್ರಗಳ ಕುರಿತ ಮೊದಲ ಪ್ರತಿಪಾದನೆಗಳನ್ನು ಮಂಡಿಸಿದವರೇ ನಂತರ ಅವನ್ನು ಪರಿಷ್ಕರಿಸಿದ್ದಾರೆ. ಮಾರ್ಗದರ್ಶಿ ಬಾಯಿಮಾತಿನಲ್ಲಿ ತೋರಿದ ಎಚ್ಚರವನ್ನು ಹೊತ್ತಿಗೆ ತೋರಿಲ್ಲ, ಮನೆಗೆ ಕೊಂಡೊಯ್ದು ಮತ್ತೆ ಮತ್ತೆ ಓದುವುದು ಹೊತ್ತಿಗೆಯನ್ನೇ ಆದ್ದರಿಂದ ಈ ದೋಷ ಚಿಕ್ಕದಲ್ಲ.

ನಕ್ಷತ್ರಗಳ ಮಾತಿಗಿಂತ ನನ್ನ ಮನಸ್ಸನ್ನು ಹಿಡಿದು ನಿಲ್ಲಿಸಿದ್ದು ಹಸುವಿನ ಗೋರಿಯ ವಿವರ. ನಬ್ತಾದ ಕಲ್ಲುರಾಶಿಯೊಂದರ ಕೆಳಗೆ, ಜೇಡಿಮಣ್ಣು ಮೆತ್ತಿದ ಒಂದು ಕೋಣೆಯಲ್ಲಿ, ಟ್ಯಾಮರಿಸ್ಕ್ ಮರದ ಕೊಂಬೆಗಳ ಛಾವಣಿಯಡಿ, ಎಳೆಯ ಹಸುವೊಂದರ ಪೂರ್ಣ ಅಸ್ಥಿಪಂಜರ ಸಿಕ್ಕಿತು. ಕಾಲ ಕ್ರಿ.ಪೂ. 5400ರ ಆಸುಪಾಸು. ಮೂಳೆಗಳು ಚದುರಿರಲಿಲ್ಲ, ಕೊಯ್ದು ತಿಂದ ಗುರುತಿರಲಿಲ್ಲ. ಅಲ್ಲಿನ ಬಿಡಾರಗಳ ಕಸದಲ್ಲಿ ದನದ ಮೂಳೆಗಳು ಕಡಿಮೆ ಸಂಖ್ಯೆಯಲ್ಲಿ ದೊರೆತಿರುವುದರಿಂದ, ಈ ಜನ ದನವನ್ನು ಮುಖ್ಯವಾಗಿ ಹಾಲಿಗೂ ರಕ್ತಕ್ಕೂ ಸಾಕುತ್ತಿದ್ದರು, ಕೊಲ್ಲುವುದು ಅಪರೂಪವಾಗಿತ್ತು ಎಂದು ಊಹಿಸಲಾಗಿದೆ. ಬದುಕನ್ನೇ ಹೊತ್ತು ತಿರುಗುವ ಪ್ರಾಣಿಗೆ ಮನುಷ್ಯರಿಗೆ ಮಾಡುವಂಥ ಸಮಾಧಿ ಮಾಡಿದ ಈ ಜನರ ಮನಸ್ಸು ಎಂಥದ್ದಿರಬಹುದು ಎಂದು ಯೋಚಿಸುವುದಕ್ಕೆ ಮಾರ್ಗದರ್ಶಿ ನಮಗೆ ಸಾಕಷ್ಟು ಸಮಯ ಬಿಟ್ಟುಕೊಟ್ಟರು. ಪ್ರವಾಸ ನಡೆಸುವವರಲ್ಲಿ ಈ ಗುಣ ವಿರಳ.

ಇಲ್ಲೇ ಒಂದು ಆಕ್ಷೇಪವನ್ನೂ ಹೇಳಬೇಕು. ಸಂಸ್ಥೆಯ ಜಾಹೀರಾತಿನಲ್ಲಿ ಇರುವುದು ನಬ್ತಾ ಪ್ಲಾಯಾದ ಮರಳಿನ ನಡುವೆ ನಿಂತ ಕಲ್ಲುಗಳ ಚಿತ್ರ. ಅದನ್ನು ನೋಡಿದ ಯಾರಿಗಾದರೂ ಪ್ರವಾಸ ಮರುಭೂಮಿಯೊಳಕ್ಕೆ ಹೋಗುತ್ತದೆ ಎಂದೇ ಅನ್ನಿಸುತ್ತದೆ. ಪಶ್ಚಿಮ ಮರುಭೂಮಿಯ ಒಳಭಾಗಕ್ಕೆ ಹೋಗಲು ಸರ್ಕಾರದ ವಿಶೇಷ ಅನುಮತಿ ಬೇಕಾಗುವುದರಿಂದ ಇಂಥ ಸಣ್ಣ ಪ್ರವಾಸದಲ್ಲಿ ಅದು ಆಗದ ಕೆಲಸ ಎಂಬುದು ನಿಜವೇ. ಆದರೆ ಕಲ್ಲುಗಳನ್ನು ಅಸ್ವಾನ್‌ನಲ್ಲಿ ತೋರಿಸುತ್ತೇವೆ ಎಂದು ಚಿತ್ರದ ಕೆಳಗೆ ಒಂದು ಸಾಲು ಬರೆಯುವುದಕ್ಕೆ ಯಾವ ಅನುಮತಿಯೂ ಬೇಕಿಲ್ಲ. ಗುಂಪಿನಲ್ಲಿದ್ದ ಕೆಲವರು ಇದಕ್ಕಾಗಿ ಬೇಸರಗೊಂಡಿದ್ದರು, ಅವರ ಬೇಸರ ನ್ಯಾಯವಾಗಿತ್ತು.

ಅಸ್ವಾನ್‌ನಿಂದ ಉತ್ತರಕ್ಕೆ ಹೊರಟ ಮೇಲೆ ವಾಹನದಲ್ಲಿ ನಡೆದ ಉಪನ್ಯಾಸ ಇಡೀ ಪ್ರವಾಸದ ತಿರುಳು. ಕ್ರಿ.ಪೂ. 5300ರಿಂದ ಈಚೆಗೆ ಮಳೆಯ ಪಟ್ಟಿ ದಕ್ಷಿಣಕ್ಕೆ ಹಿಮ್ಮೆಟ್ಟತೊಡಗಿದಾಗ ಈಜಿಪ್ಟಿನ ಸಹಾರಾದ ಜನ ಎಲ್ಲಿಗೆ ಹೋದರು ಎಂಬುದು ಅದರ ವಿಷಯ. ಕೆಲವರು ಮಳೆಯನ್ನೇ ಹಿಂಬಾಲಿಸಿ ಇಂದಿನ ಸುಡಾನ್ ಕಡೆಗೆ ಸಾಗಿದರು, ಕೆಲವರು ಗಿಲ್ಫ್ ಕೆಬೀರ್‌ನಂಥ ಎತ್ತರದ ಪ್ರದೇಶಗಳಲ್ಲಿ ಇನ್ನೂ ಬಹುಕಾಲ ಉಳಿದರು, ಕೆಲವರು ನೈಲ್ ದಡಕ್ಕೆ ಇಳಿದರು. ಗಿಲ್ಫ್ ಕೆಬೀರ್‌ನ ವಾದಿ ಸೂರಾದಲ್ಲಿ ಹಂಗೇರಿಯ ಮರುಭೂಮಿ ಅನ್ವೇಷಕ ಲಾಸ್ಲೊ ಅಲ್ಮಾಶಿ 1933ರಲ್ಲಿ ಕಂಡ ಗುಹೆಯ ಚಿತ್ರಗಳಲ್ಲಿ ಈಜುತ್ತಿರುವಂತೆ ಕಾಣುವ ಮನುಷ್ಯಾಕೃತಿಗಳಿವೆ. ಆ ಚಿತ್ರಗಳ ದೊಡ್ಡ ಪ್ರತಿಗಳನ್ನು ಮಾರ್ಗದರ್ಶಿ ಕೈಯಿಂದ ಕೈಗೆ ದಾಟಿಸಿದರು. ಉಪನ್ಯಾಸದಲ್ಲಿ ನಾನು ಮೆಚ್ಚಿದ್ದು ಅದರ ಸಮತೂಕವನ್ನು. ಈಜಿಪ್ಟ್ ಸಂಪೂರ್ಣ ಸಹಾರಾದ ದನಗಾಹಿಗಳ ಸೃಷ್ಟಿ ಎಂಬ ಆಕರ್ಷಕ ಸರಳೀಕರಣಕ್ಕೆ ಅವರು ಬೀಳಲಿಲ್ಲ. ಗೋಧಿ, ಬಾರ್ಲಿ, ಕುರಿ, ಆಡು ಪಶ್ಚಿಮ ಏಷ್ಯಾದಿಂದ ಬಂದವು ಎಂಬುದನ್ನು ಸ್ಪಷ್ಟವಾಗಿ ಹೇಳಿದರು. ಆಫ್ರಿಕಾದಲ್ಲಿ ದನ ಪ್ರತ್ಯೇಕವಾಗಿ ಪಳಗಿತೇ ಎಂಬ ಬಗ್ಗೆ ವಿದ್ವಾಂಸರಲ್ಲಿ ಇನ್ನೂ ವಾದವಿದೆ ಎಂಬುದನ್ನು ಮುಚ್ಚಿಡಲಿಲ್ಲ. ಕತ್ತೆ ಮಾತ್ರ ನಿಸ್ಸಂದೇಹವಾಗಿ ಆಫ್ರಿಕಾದ ಕೊಡುಗೆ. ಕ್ರಿ.ಪೂ. 3000ರ ಸುಮಾರಿಗೆ, ಮೊದಲ ಅರಸರ ಗೋರಿಗಳಿರುವ ಅಬೈಡಾಸ್‌ನಲ್ಲಿ, ಅರಸನೊಬ್ಬನ ಅಂತ್ಯಕ್ರಿಯೆಯ ಆವರಣದ ಪಕ್ಕದಲ್ಲಿ, ಇಟ್ಟಿಗೆಯ ಗೋರಿಗಳಲ್ಲಿ ಹತ್ತು ಕತ್ತೆಗಳನ್ನು ಹೂಳಿದ್ದರು ಎಂಬ ವಿವರ ಕೇಳಿದಾಗ, ಮಣ್ಣು ಮೆತ್ತಿದ ಕೋಣೆಯ ಆ ಹಸುವಿನ ನೆನಪು ಎಲ್ಲರಿಗೂ ಬಂದಿರಬೇಕು.

ನಡುವಿನ ನಿಲುಗಡೆಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಎಲ್-ಕಾಬ್‌ನ ಬಂಡೆಗಳ ಮೇಲಿನ ಅತಿ ಹಳೆಯ ಗೀರುಚಿತ್ರಗಳು ನೋಡತಕ್ಕವು, ಆದರೆ ಬಿಸಿಲೇರಿದ ಮೇಲೆ ಅವು ಬಂಡೆಯ ಬಣ್ಣದಲ್ಲೇ ಕರಗಿಹೋಗುತ್ತವೆ. ನಾವು ತಲುಪಿದ್ದು ಬಿಸಿಲೇರಿದ ಮೇಲೆಯೇ. ಆನೆ, ನೀರಾನೆ, ಬಬೂನ್, ಕಾಡುಗೂಳಿಗಳನ್ನು ಪ್ರಮುಖರ ಗೋರಿಗಳ ಸುತ್ತ ಹೂಳಿದ್ದ ಹೀರಾಕೊನ್‌ಪೊಲಿಸ್ ನದಿಯ ಆಚೆ ದಡದಲ್ಲೇ ಇದ್ದರೂ ಪ್ರವಾಸ ಅಲ್ಲಿಗೆ ಹೋಗುವುದಿಲ್ಲ, ಮಾತಿನಲ್ಲಷ್ಟೇ ಅದನ್ನು ಕಟ್ಟಿಕೊಡಲಾಗುತ್ತದೆ. ಅಬೈಡಾಸ್‌ನಲ್ಲಿ ನೋಡಿದ್ದು ಬಹುಮಟ್ಟಿಗೆ ಸೇಟಿ ಅರಸನ ದೇವಾಲಯ. ಸುಂದರವಾದರೂ ಅದು ಈ ಪ್ರವಾಸದ ವಿಷಯಕ್ಕೆ ಸಾವಿರದೆಂಟುನೂರು ವರ್ಷ ಈಚಿನದು.

ಕೊನೆಯ ಘಟ್ಟ ಕೈರೋದ ತಹ್ರೀರ್ ಚೌಕದ ಹಳೆಯ ವಸ್ತುಸಂಗ್ರಹಾಲಯ. 1902ರಲ್ಲಿ ತೆರೆದ ಈ ಕಟ್ಟಡದ ಜನಸಂದಣಿ, 2025ರ ನವೆಂಬರ್‌ನಲ್ಲಿ ಗೀಜಾದ ಹೊಸ ಬೃಹತ್ ಸಂಗ್ರಹಾಲಯ ವಿಧ್ಯುಕ್ತವಾಗಿ ತೆರೆದು ಟುಟಾಂಖಾಮನ್‌ನ ಗೋರಿಯ ವಸ್ತುಗಳು ಅಲ್ಲಿಗೆ ಸ್ಥಳಾಂತರಗೊಂಡ ಮೇಲೆ, ಬೇರೆಡೆಗೆ ಹರಿದಿದೆ. ನಮ್ಮ ವಿಷಯಕ್ಕೆ ಅದು ಅನುಕೂಲವೇ ಆಯಿತು. ಮಾರ್ಗದರ್ಶಿ ಇಲ್ಲಿ ಮೊದಲು ಬದಾರಿ ಸಂಸ್ಕೃತಿಯ ಮಡಕೆಗಳ ಮುಂದೆ ನಿಲ್ಲಿಸಿದರು. ಕ್ರಿ.ಪೂ. 4400ರಿಂದ 4000ದವರೆಗಿನ ಈ ಜನರ ಊರುಗಳೆಂದರೆ ತೆಳುವಾದ ಬೂದಿಯ ಪದರ, ಕೆಲವು ಗುಂಡಿಗಳು, ಗುಡಾರದ ಗೂಟ ನೆಟ್ಟಂಥ ಗುರುತುಗಳು. ಅವರು ಎಲ್ಲಿಯೂ ಗಟ್ಟಿಯಾಗಿ ನೆಲೆ ಊರಿದಂತಿಲ್ಲ. ಗೋರಿಗಳಲ್ಲಿ ಮಾತ್ರ ಅಪಾರ ಶ್ರದ್ಧೆ. ಕಾಲು ಮಡಚಿ ಮಲಗಿಸಿದ ಶವ, ಸುತ್ತ ಚಾಪೆ ಇಲ್ಲವೇ ಚರ್ಮ, ಪಕ್ಕದಲ್ಲಿ ಮಡಕೆ, ಬಣ್ಣ ಅರೆಯುವ ಕಲ್ಲು, ಮಣಿಸರ. ಗಾಜಿಗೆ ಮುಖ ತಂದು ನೋಡಿದರೆ ಮಡಕೆಯ ಅಂಚು ಎಷ್ಟು ತೆಳು ಎಂಬುದು ತಿಳಿಯುತ್ತದೆ. ಕೆಳಗಿನ ಮೈ ಕೆಂಪು, ಬಾಯಿಯ ಸುತ್ತ ಕಪ್ಪು, ಮೈಯ ಮೇಲೆಲ್ಲ ಹಣಿಗೆಯಿಂದ ಎಳೆದು ಉಜ್ಜಿ ಹೊಳಪೇರಿಸಿದ ಸಣ್ಣ ಸಣ್ಣ ಅಲೆಗಳು. ಗಾಲಿಯಿಲ್ಲದೆ ಕೈಯಲ್ಲೇ ತಟ್ಟಿ ಮಾಡಿದ ಈ ಮಡಕೆಗಳ ಸೊಗಸನ್ನು ಮುಂದಿನ ಫೇರೋಗಳ ಕಾಲದ ಮಡಕೆಗಳು ಮೀರಿಸಲಿಲ್ಲ ಎಂದು ನಾನು ಹಿಂಜರಿಕೆಯಿಲ್ಲದೆ ಹೇಳುತ್ತೇನೆ. ಮನೆಗಿಂತ ಮೈಗೆ, ಗೋಡೆಗಿಂತ ಹೊತ್ತೊಯ್ಯಬಹುದಾದ ವಸ್ತುವಿಗೆ ಬೆಲೆ ಕೊಡುವ ಈ ರೀತಿ ದನಗಳೊಡನೆ ಚಲಿಸುವ ಜನರದು ಎಂಬ ಮಾರ್ಗದರ್ಶಿಯ ವಿವರಣೆ ಮಡಕೆಗಳ ಎದುರಿನಲ್ಲಿ ಕೇಳಿದಾಗ ತಾನಾಗಿಯೇ ಒಪ್ಪಿಗೆಯಾಗುತ್ತದೆ.

ಆ ನಂತರ ನಾರ್ಮರ್‌ನ ಫಲಕ. ಹೀರಾಕೊನ್‌ಪೊಲಿಸ್‌ನಲ್ಲಿ ಕ್ವಿಬೆಲ್ ಮತ್ತು ಗ್ರೀನ್ 1897-98ರ ಉತ್ಖನನದಲ್ಲಿ ಪಡೆದ, 64 ಸೆಂಟಿಮೀಟರ್ ಎತ್ತರದ ಈ ಹಸಿರುಗಪ್ಪು ಕಲ್ಲನ್ನು ಶಾಲೆಯ ಪಾಠಗಳು ಮೇಲಿನ (ಅಂದರೆ ದಕ್ಷಿಣದ) ಮತ್ತು ಕೆಳಗಿನ (ಉತ್ತರದ) ಈಜಿಪ್ಟ್ ಒಂದಾದ ದಾಖಲೆಯೆಂದು ಪರಿಚಯಿಸುತ್ತವೆ. ಒಂದು ಬದಿಯಲ್ಲಿ ದಕ್ಷಿಣದ ಬಿಳಿ ಕಿರೀಟ ತೊಟ್ಟ ಅರಸ ಗದೆ ಎತ್ತಿದ್ದಾನೆ, ಇನ್ನೊಂದು ಬದಿಯಲ್ಲಿ ಉತ್ತರದ ಕೆಂಪು ಕಿರೀಟ ತೊಟ್ಟು, ತಲೆ ಕಡಿದ ಹತ್ತು ಶವಗಳ ಸಾಲಿನತ್ತ ಮೆರವಣಿಗೆಯಲ್ಲಿ ನಡೆದಿದ್ದಾನೆ. ಪ್ರವಾಸದ ಕ್ರಮದಲ್ಲಿ ಇಲ್ಲಿಗೆ ಬಂದವರ ಕಣ್ಣು ಮಾತ್ರ ಬೇರೆಡೆ ಹೋಗುತ್ತದೆ. ಫಲಕದ ಎರಡೂ ಬದಿಯ ತುದಿಯಲ್ಲಿ ಹಸುವಿನ ಕಿವಿ ಮತ್ತು ಕೊಂಬುಗಳಿರುವ ದೇವಿಯ ಮುಖಗಳಿವೆ. ಅರಸನ ಸೊಂಟಪಟ್ಟಿಯಿಂದ ಜೋಲುವ ಅಲಂಕಾರದಲ್ಲಿ ಅದೇ ಮುಖಗಳು ಚಿಕ್ಕದಾಗಿ ಮತ್ತೆ ಬರುತ್ತವೆ. ಅವನ ಬೆನ್ನ ಹಿಂದೆ ಗೂಳಿಯ ಬಾಲ ಇಳಿಬಿದ್ದಿದೆ. ಇನ್ನೊಂದು ಬದಿಯ ಕೆಳಭಾಗದಲ್ಲಿ ಗೂಳಿಯೊಂದು ಊರಿನ ಕೋಟೆಗೋಡೆಯನ್ನು ಕೊಂಬಿನಿಂದ ಒಡೆದು, ವೈರಿಯನ್ನು ಕಾಲಡಿಯಲ್ಲಿ ಮೆಟ್ಟುತ್ತಿದೆ. ಆ ಗೂಳಿ ಅರಸನೇ. ಅದೇ ಬದಿಯಲ್ಲಿ ಉದ್ದ ಕತ್ತಿನ ಎರಡು ವಿಚಿತ್ರ ಮೃಗಗಳ ಕೊರಳುಗಳು ಹೆಣೆದುಕೊಂಡು ಒಂದು ದುಂಡನೆಯ ಕುಳಿಯನ್ನು ಬಳಸಿ ನಿಂತಿವೆ. ಆ ಕುಳಿ ಇರುವುದು ಕಣ್ಣಿಗೆ ಹಚ್ಚುವ ಬಣ್ಣ ಅರೆಯುವುದಕ್ಕೆ. ಸ್ವಲ್ಪ ಮೊದಲು ಬದಾರಿಯ ಬಡ ಗೋರಿಯಲ್ಲಿ ಕಂಡ, ಮಾಲಕೈಟ್ ಎಂಬ ಹಸಿರು ಖನಿಜವನ್ನು ಅರೆಯುತ್ತಿದ್ದ ಅಂಗೈಯಗಲದ ಕಲ್ಲೇ ಇಲ್ಲಿ ರಾಜ್ಯದ ಘೋಷಣೆಯಾಗಿ ಬೆಳೆದುನಿಂತಿದೆ. ಈ ಸಂಬಂಧವನ್ನು ವಿವರಿಸಿ ಹೇಳುವ ಅಗತ್ಯವೇ ಬೀಳದಂತೆ ವಸ್ತುಗಳನ್ನು ಸಾಲಾಗಿ ತೋರಿಸಿದ್ದೇ ಈ ಪ್ರವಾಸದ ದೊಡ್ಡ ಸಾಧನೆ.

ಅಲ್ಲಿಂದ ಮುಂದಿನ ಒಂದೆರಡು ವಿವರಗಳೂ ಇದೇ ಎಳೆಯನ್ನು ಹಿಡಿದವು. ಅಬೈಡಾಸ್‌ನಲ್ಲಿ ಗುಂಟರ್ ಡ್ರಯರ್ ಅವರ ತಂಡ 1988ರಲ್ಲಿ ತೆರೆದ ಯು-ಜೆ ಗೋರಿಯಿಂದ, ಬರವಣಿಗೆಯ ಅತಿ ಹಳೆಯ ಮಾದರಿಗಳೆನಿಸಿದ ಪುಟ್ಟ ಚೀಟಿಗಳ ಜೊತೆಗೆ, ದನಗಾಹಿಯ ಕೊಕ್ಕೆಗೋಲಿನ ಆಕಾರದ ದಂತದ ರಾಜದಂಡವೂ ಸಿಕ್ಕಿದೆ. ಹಳೆಯ ಸಾಮ್ರಾಜ್ಯದ ಕಾಲದಲ್ಲಿ ಅರಸರ ಆಳ್ವಿಕೆಯ ವರ್ಷಗಳನ್ನು ಗುರುತಿಸುತ್ತಿದ್ದುದು ದೇಶದ ದನಗಳ ಎಣಿಕೆಯಿಂದ. ಮಳೆಯ ಹಿಂದೆ ಅಲೆದವರ ಸಂಪತ್ತು ಗುಮಾಸ್ತರ ಲೆಕ್ಕಪುಸ್ತಕಕ್ಕೆ ಇಳಿದ ಆ ಬದಲಾವಣೆ ನನಗೆ ಪಿರಮಿಡ್‌ಗಳಿಗಿಂತ ಆಶ್ಚರ್ಯದ ಸಂಗತಿಯಾಗಿ ಕಾಣುತ್ತದೆ.

ಇಷ್ಟಾದ ಮೇಲೂ ಪ್ರವಾಸದ ಒಂದು ಕೊರತೆ ಗಂಭೀರವಾದದ್ದು. ಇದು ದಕ್ಷಿಣದ ಕಥೆ ಮಾತ್ರ. ಕೈರೋದಿಂದ ಸುಮಾರು 100 ಕಿಲೋಮೀಟರ್ ದೂರದ ಫಯೂಮ್ ಅನ್ನು ಸಂಪೂರ್ಣ ಬಿಟ್ಟಿದ್ದಾರೆ. 1920ರ ದಶಕದಲ್ಲಿ ಗರ್ಟ್ರೂಡ್ ಕೇಟನ್-ತಾಂಪ್ಸನ್ ಅಲ್ಲಿನ ಹಳೆಯ ಸರೋವರದ ದಡದಲ್ಲಿ ಹುಲ್ಲಿನ ಹೆಣಿಗೆಯ ಒಳಮೈ ಇರುವ ಧಾನ್ಯದ ಹಗೇವುಗಳನ್ನೂ, ಚಕಮಕಿ ಕಲ್ಲಿನ ಅಲಗುಗಳನ್ನು ಕೂರಿಸಿದ ಮರದ ಕುಡುಗೋಲನ್ನೂ ಹೊರತೆಗೆದರು. ನದಿಮುಖಜ ಭೂಮಿಯ ಅಂಚಿನ ಮೆರಿಮ್ದೆ, ಕೈರೋ ನಗರದೊಳಗೇ ಸೇರಿಹೋಗಿರುವ ಮಾದಿ, ಇವೆರಡರ ಹೆಸರೂ ಉಪನ್ಯಾಸದಲ್ಲಿ ಒಮ್ಮೆ ಬಂದು ಹೋಯಿತು, ಅಷ್ಟೇ. ಉತ್ತರದ ಈ ಜನರೂ ಆರಂಭದ ಪಾಲುದಾರರು. ಬೇಸಾಯ ಮತ್ತು ದನಗಾರಿಕೆ ಎರಡನ್ನೂ ಬೆರೆಸಿ ಬದುಕುವ ಪ್ರಯೋಗ ನಡೆದದ್ದು ಇಂಥ ಕಡೆಗಳಲ್ಲಿ. ಸೇಟಿಯ ದೇವಾಲಯಕ್ಕೆ ಕೊಟ್ಟ ಸಮಯವನ್ನು ಫಯೂಮ್‌ಗೆ ಕೊಟ್ಟಿದ್ದರೆ ಈ ಪ್ರವಾಸಕ್ಕೆ ನಾನು ಪೂರ್ಣ ಅಂಕ ಕೊಡುತ್ತಿದ್ದೆ.

ವ್ಯವಸ್ಥೆಯ ಮಟ್ಟಿಗೆ ದೂರುವಂಥದ್ದಿಲ್ಲ. ವಾಹನ ಹೊತ್ತಿಗೆ ಸರಿಯಾಗಿ ಬರುತ್ತಿತ್ತು, ಸಂಗ್ರಹಾಲಯಗಳ ಪ್ರವೇಶ ಶುಲ್ಕ ಪ್ರವಾಸದ ದರದಲ್ಲೇ ಸೇರಿತ್ತು, ಗುಂಪು ಚಿಕ್ಕದಾದ್ದರಿಂದ ಎಲ್ಲರ ಪ್ರಶ್ನೆಗೂ ಉತ್ತರ ಸಿಗುತ್ತಿತ್ತು. ಮೊದಲ ಬಾರಿಗೆ ಈಜಿಪ್ಟಿಗೆ ಹೋಗುವವರಿಗೆ ಇದನ್ನೊಂದನ್ನೇ ಆರಿಸಿಕೊಳ್ಳಿ ಎಂದು ಹೇಳಲಾರೆ, ಗೀಜಾ ಮತ್ತು ಲಕ್ಸರ್ ನೋಡುವ ಆಸೆ ಅವರಲ್ಲಿ ಇರುತ್ತದೆ, ಇರಬೇಕು ಕೂಡ. ಅವನ್ನು ಒಮ್ಮೆ ನೋಡಿ, ಇವೆಲ್ಲ ಎಲ್ಲಿಂದ ಬಂದವು ಎಂದು ಕೇಳಿಕೊಂಡವರಿಗೆ ಈ ಪ್ರವಾಸ ತಕ್ಕದ್ದು. ಹೋಗುವ ಮುನ್ನ, ಬದಾರಿಯ ನಂತರ ನಾರ್ಮರ್‌ವರೆಗಿನ ನಕಾದಾ ಕಾಲದ ಮೂರು ಘಟ್ಟಗಳ ಬಗ್ಗೆ ಸ್ವಲ್ಪ ಓದಿಕೊಂಡರೆ ಒಳ್ಳೆಯದು, ಏಕೆಂದರೆ ಉಪನ್ಯಾಸ ಆ ಭಾಗವನ್ನು ವೇಗವಾಗಿ ದಾಟುತ್ತದೆ. ಅಸ್ವಾನ್‌ನಲ್ಲಿ ಬೇಸಿಗೆಯ ಬಿಸಿಲು 40 ಡಿಗ್ರಿ ಮೀರುವುದರಿಂದ, ಮತ್ತು ನಬ್ತಾದ ಕಲ್ಲುಗಳು ಬಯಲಿನಲ್ಲಿರುವುದರಿಂದ, ನವೆಂಬರ್‌ನಿಂದ ಫೆಬ್ರವರಿಯೊಳಗಿನ ತಂಡವನ್ನೇ ಆರಿಸಿಕೊಳ್ಳಬೇಕು. ಎಲ್-ಕಾಬ್‌ಗೆ ಬೆಳಿಗ್ಗೆ ಬೇಗ ತಲುಪಿಸುವಂತೆ ಮುಂಚಿತವಾಗಿಯೇ ಕೇಳಿಕೊಳ್ಳುವುದು ಉತ್ತಮ.